ದನಿ ಸತ್ತ ಫೋನಿನ ಮುಂದೆ ನನ್ನ ಅವ್ವ

ಗೆಳೆಯರೇ, ಇವತ್ತು ಬೆಳಿಗ್ಗೆ ಮಗಳ ಆನ್‌ಲೈನ್ ಮೌಖಿಕ ಪರೀಕ್ಷೆ ಶುರುವಾಗುತ್ತಿದ್ದಂತೆ ನಮ್ಮ ಫೋನಿನ ಸ್ಪೀಕರ್ ಕೆಟ್ಟಿತು. ಪರದೆಯಲ್ಲಿ ಟೀಚರ್ ಬಾಯಿ ಆಡಿಸುತ್ತಿದ್ದಾರೆ, ದನಿಯೇ ಇಲ್ಲ. ಮಗಳು ಅಳತೊಡಗಿದಳು.

ಲಾಕ್‌ಡೌನಿನಿಂದ ಮಗ್ಗ ನಿಂತು ಬೇಸರದಲ್ಲಿದ್ದ ನನ್ನ ಅವ್ವ ಪಕ್ಕಕ್ಕೆ ಬಂದು ಕೂತಳು. ಪರದೆ ನೋಡುತ್ತ, "ಏಳೆಂಟ್ಲೆ ಎಷ್ಟಂತ ಕೇಳಾಕತ್ತಾರ ನೋಡವಾ" ಎಂದಳು. ಮಗಳು "ಐವತ್ತಾರು" ಎಂದಳು. ಟೀಚರ್ ತಲೆಯಾಡಿಸಿದರು! ಹೀಗೇ ನಾಲ್ಕೈದು ಪ್ರಶ್ನೆ ದಾಟಿದವು.

ಆಮೇಲೆ ಟೀಚರ್ ಮುಖ ಗಂಟಾಯಿತು. ಅವರು ಏನಂದರೆಂಬುದನ್ನೂ ಅವ್ವನೇ ಹೇಳಬೇಕಾಯಿತು: "ಅಜ್ಜಿ, ಉತ್ತರ ಹೇಳಿಕೊಡಬ್ಯಾಡ್ರಿ ಅಂತ ನನಗ ಬೈಯಾಕತ್ತಾರ."

ಅವ್ವ ಸುಮ್ಮನಿರುತ್ತಾಳೆಯೇ? ಫೋನಿಗೇ ಬಾಗಿ ಗದರಿದಳು: "ಉತ್ತರ ಅಲ್ರೀ ಅಕ್ಕೋರ, ನಿಮ್ಮ ಪ್ರಶ್ನಿ ಹೇಳಾಕತ್ತೇನಿ! ಈ ಫೋನಿನ ದನಿ ಹೋಗೇತ್ರಿ. ಮೂವತ್ತು ವರ್ಷ ಪವರ್‌ಲೂಮ್ ಗದ್ದಲದಾಗ ತುಟಿ ನೋಡೇ ಮಾತು ತಿಳಕೊಂಡೀವ್ರಿ ನಾವು!"

ಟೀಚರ್ ಎರಡೂ ಕೈ ಜೋಡಿಸಿದರು.

ಬನಹಟ್ಟಿಯ ನೇಕಾರಳ ಮಗ ನಾನು. ಬೆಳಗಿನಿಂದ ಮನೆಯೊಳಗೇ ಎದೆಯುಬ್ಬಿಸಿ ತಿರುಗುತ್ತಿದ್ದೇನೆ. ಇನ್ನು ಮುಂದೆ ಹೆಂಡತಿಯ ಹತ್ತಿರ ಅವ್ವನ ಬಗ್ಗೆ ಪಿಸುಗುಟ್ಟುವಾಗ ಮಾತ್ರ ಮನೆಯೊಳಗೂ ಮಾಸ್ಕ್ ಹಾಕಲಿದ್ದೇನೆ.