ಒಂದು ಮೇಜು, ಒಂದು ಡಬ್ಬಿ

ಹಿರೇಮಠ ಅಂಕಲ್ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಆದರೆ ಫೇರ್‌ಫ್ಯಾಕ್ಸಿನ ಅವರ ಮನೆಯ ಬೇಸ್‌ಮೆಂಟಿನಲ್ಲಿ ಐದಾರು ಬಗೆಯ ಬಂದೂಕಿನ ಮದ್ದು ಇರುತ್ತಿತ್ತು. ಧಾರವಾಡದ ಸಿವಿಲ್ ಇಂಜಿನಿಯರ್; ವಾರವಿಡೀ ಸೇತುವೆಗಳ ಕೆಲಸ, ಶನಿವಾರ ರೈಫಲ್. ಜನ್ಮದಲ್ಲಿ ಅವರು ಹೊಡೆದದ್ದು ಗುರಿಯ ಕಾಗದವನ್ನು ಮಾತ್ರ. ಹಾರಿಸಿದ ಮೇಲೆ ಉಳಿದ ಹಿತ್ತಾಳೆಯ ಖಾಲಿ ತೋಟಾಗಳನ್ನು ಆರಿಸಿ ತಂದು, ತಾವೇ ಮದ್ದು ತುಂಬಿ ಮತ್ತೆ ಬಳಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಪಕ್ಕದ ಬೀದಿಯಲ್ಲಿದ್ದ ಮೈಸೂರಿನ ಬ್ರಹ್ಮಚಾರಿ ನಾನು, ಅವರ ಹೆಂಡತಿ ಗಿರಿಜಾ ಆಂಟಿಯ ರೊಟ್ಟಿಯ ಆಸೆಗೆ ಹೋಗಿ ಅಂಕಲ್‌ರ ಮದ್ದಿನ ಪಾಠಕ್ಕೆ ಸಿಕ್ಕಿಬಿದ್ದೆ.

ಮದ್ದನ್ನು ಅವರು ಹೆಣ್ಣು ಕೊಡುವವರು ಗಂಡನ್ನು ನೋಡುವ ಹಾಗೆ ನೋಡುತ್ತಿದ್ದರು. ಜನವರಿಯ ಹಿಮದಲ್ಲಿ ಒಮ್ಮೆ, ಆಗಸ್ಟಿನ ಧಗೆಯಲ್ಲಿ ಒಮ್ಮೆ ಹಾರಿಸಿ, ಎರಡರಲ್ಲೂ ವೇಗ ಒಂದೇ ಇದೆಯೇ ಎಂದು ಅಳೆಯುವರು. ನಳಿಗೆಯಲ್ಲಿ ಸುಡದ ಕಾಳು ಉಳಿದಿದ್ದರೆ ಮುಖ ಸಿಂಡರಿಸುವರು.

“ಜೋರ್ ಇರೋದು ಬ್ಯಾಡಪಾ ತಮ್ಮಾ, ದಿನಾ ಒಂದ ನಮೂನಿ ಇರೋದು ಬೇಕು. ಮತ್ತ ತೋಟಾ ತುಂಬಿ ಕಾಣಬೇಕು. ಮರತು ಎರಡ ಸಲ ಹಾಕಿದ್ರ ಉಕ್ಕಿ ಹೊರಗ ಚೆಲ್ಲಬೇಕು. ತಪ್ಪು ಮುಚ್ಚಿಡೋ ಮದ್ದನ್ನ ಎಂದೂ ನಂಬಬ್ಯಾಡ.”

ಅವರ ಇನ್ನೊಂದು ಕಟ್ಟಳೆ, ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ. ಎಲ್ಲ ಮದ್ದೂ ನೋಡಲು ಬೂದು ಬಣ್ಣದ ಕಾಳೇ. ಬೆರೆತರೆ ಬಂದೂಕೇ ಸಿಡಿಯಬಹುದು.

ನಾರ್ತ್ ಕೆರೊಲಿನಾದ ಒಂದು ಗುರಿ ಹೊಡೆಯುವ ಸ್ಪರ್ಧೆಗೆ ಅವರು ವರ್ಷವಿಡೀ ಕಾದಿದ್ದರು. ಅದಕ್ಕೆಂದು ಪರೀಕ್ಷಿಸಿ ಆರಿಸಿದ ಮದ್ದು ಒಂದೇ ಡಬ್ಬಿ ಇತ್ತು. ಇನ್ನೆರಡು ವಾರ ಇರುವಾಗ ಒಂದು ದಿನ, ತೋಟಾ ತುಂಬುತ್ತಿದ್ದ ಅಂಕಲ್ ಫೋನ್ ಬಂತೆಂದು ಮೇಲೆ ಹೋದರು. ಊಟದ ಹೊತ್ತಾಗಿತ್ತು. ಉಪಕಾರ ಮಾಡೋಣವೆಂದು ನಾನು ಮೇಜು ಒಪ್ಪ ಮಾಡಿದೆ. ಉಳಿದ ಬೇಳೆಯನ್ನು ಡಬ್ಬಿಗೆ ಸುರಿದಿಡುವ ಮನೆಯಲ್ಲಿ ಬೆಳೆದವನು. ಅಳತೆಯ ಪಾತ್ರೆಯಲ್ಲಿ ಉಳಿದಿದ್ದ ಮದ್ದನ್ನು ಎದುರಿಗಿದ್ದ ಡಬ್ಬಿಗೆ ಸುರಿದೆ. ಮುಚ್ಚಳ ಹಾಕಿ ತಿರುಗಿದಾಗ ಮೇಜಿನ ಮೂಲೆಯಲ್ಲಿ ಇನ್ನೊಂದು ಡಬ್ಬಿ ಬಾಯ್ತೆರೆದು ಕುಳಿತಿತ್ತು. ಪಾತ್ರೆಯಲ್ಲಿದ್ದದ್ದು ಅದರದು. ನಾನು ಸುರಿದದ್ದು ಸ್ಪರ್ಧೆಯ ಡಬ್ಬಿಗೆ.

ಎರಡು ಚಮಚ ಅಷ್ಟೇ, ಯಾರಿಗೆ ತಿಳಿಯುತ್ತದೆ ಎಂದುಕೊಂಡು ಊಟಕ್ಕೆ ಕುಳಿತೆ. ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ.

“ಅಂಕಲ್, ಒಂದು ತಪ್ಪು ಮಾಡ್ಬಿಟ್ಟೆ. ಮದ್ದು ಮಿಕ್ಸ್ ಆಗೋಯ್ತು.”

ಅವರು ಊಟ ಬಿಟ್ಟು ಕೆಳಗೆ ಬಂದರು. ಎರಡೂ ಡಬ್ಬಿಗಳ ಮೇಲಿನ ಹೆಸರು ಓದಿದರು.

“ಎರಡನೇ ಡಬ್ಬಿ ಇಲ್ಲಿ ಹ್ಯಾಂಗ ಬಂತು? ನಾನ ತಂದಿಟ್ಟಿರಬೇಕು,” ಎಂದರು. “ಯಾವಾಗ ಇಟ್ಟೆ ಅಂತ ನೆನಪ ಇಲ್ಲಪಾ.”

ಮೆಟ್ಟಿಲ ಮೇಲೆ ನಿಂತಿದ್ದ ಆಂಟಿ, “ಒಲಿ ಆರಿಸೋದೂ ಮರೀತಾರ. ಹೇಳಿದ್ರ ಸಿಟ್ಟಿಗೇಳ್ತಾರ,” ಎಂದರು. ಈ ಸಲ ಅಂಕಲ್‌ಗೆ ಸಿಟ್ಟು ಬರಲಿಲ್ಲ. ಹಾಳಾದ ಮದ್ದನ್ನು ಹಿತ್ತಿಲ ಹುಲ್ಲಿನ ಮೇಲೆ ಗೊಬ್ಬರದಂತೆ ತೆಳ್ಳಗೆ ಎರಚಿದರು.

“ಬೇರೆ ಡಬ್ಬಿ ತರೋಣ ಅಂಕಲ್, ನಾನೇ ಡ್ರೈವ್ ಮಾಡ್ತೀನಿ,” ಎಂದೆ.

“ಡಬ್ಬಿ ಸಿಗತಾವು. ಮರಿಯೋ ಮನಷ್ಯಾ ಈ ಮೇಜಿಗೆ ಕೂಡಬಾರದು. ಬಾಜೂ ನಿಂತವನ ಕಣ್ಣು ಹೋದೀತು.”

ಮತ್ತೆ ಅವರು ಆ ಮೇಜಿಗೆ ಕೂರಲಿಲ್ಲ. ಸ್ಪರ್ಧೆಗೆ ಮೂವರೂ ಹೋದೆವು, ನೋಡಲು. ಅದೇ ಚಳಿಗಾಲ ಅವರು ಅಟ್ಲಾಂಟಾದ ಮಗಳ ಮನೆ ಸೇರಿದರು, ಕೆಲವು ವರ್ಷಗಳಲ್ಲಿ ತೀರಿಕೊಂಡರು. ನಿಜ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಸ್ಪರ್ಧೆಯ ದಿನ ಇಂದಿಗೂ ಕಣ್ಣಮುಂದಿದೆ. ಬಿಸಿಲಲ್ಲಿ ಮಡಚುಕುರ್ಚಿಯ ಮೇಲೆ ಕುಳಿತು ಅಂಕಲ್ ದೂರದ ಕಾಗದವನ್ನೇ ನೋಡುತ್ತಿದ್ದರು. ಒಂದೊಂದು ಗುಂಡು ಹಾರಿದಾಗಲೂ ಮೊಣಕಾಲ ಮೇಲಿದ್ದ ಅವರ ತೋರುಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆಂಟಿ ಅದರ ಮೇಲೆ ತಮ್ಮ ಕೈ ಇಟ್ಟರು.