ಅಡುಗೆಮನೆ ಎಂಬ ಮೇಲ್ಮನೆ

ತಾರ್ನಾಕದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಮಾಸ್ತರರು ಕಾಲೇಜಿನಲ್ಲಿ ಪಾರ್ಲಿಮೆಂಟಿನ ಪಾಠ ಹೇಳುತ್ತಿದ್ದರು. ಅವರು ಕೂತು ಮಾತಾಡಿದ್ದನ್ನು ನಾನು ಕಾಣೆ. ಪಡಸಾಲೆಗೂ ಅಡುಗೆಮನೆಗೂ ಸದಾ ಓಡಾಟ. ಲೋಕಸಭೆ ಒಪ್ಪಿದ ಮಸೂದೆಯನ್ನು ರಾಜ್ಯಸಭೆಯೂ ಒಪ್ಪಿದರೆ ತಾನೆ ಅದು ಕಾನೂನಿನ ದಾರಿ ಹಿಡಿಯುವುದು? ಹಾಗೆಯೇ ಅವರ ಪಡಸಾಲೆಯಲ್ಲಿ ಕೂತ ನಾವು ಗಂಡಸರು ಒಪ್ಪಿದ್ದಕ್ಕೆಲ್ಲ ಒಳಗಿನ ಹೆಂಗಸರ ಒಪ್ಪಿಗೆಯೂ ಬೇಕಿತ್ತು. ಬರಿಯ ಉಪ್ಪಿಟ್ಟಿನ ವಿಷಯಕ್ಕೂ "ಇನ್ನೊಂದು ಸಭಾ ಐತ್ರಿ" ಎಂದು ಒಳಗೆ ನಡೆದುಬಿಡುತ್ತಿದ್ದರು.

ಮಾಸ್ತರರ ಮಗಳನ್ನು ನೋಡಲು ಕೊಂಡಾಪುರದಿಂದ ಗಂಡಿನವರು ಬಂದ ದಿನ ಪಡಸಾಲೆ ತುಂಬಿತ್ತು.

"ಒಪ್ಪಿಗಿ ಐತೇನವಾ?" ಎಂದು ಹುಡುಗನ ಸೋದರಮಾವ ಕೇಳಿದರು. ಹುಡುಗಿ ತಲೆ ತಗ್ಗಿಸಿ ಹೂಂ ಎಂದಳು. ಎಲ್ಲರ ಕೈ ಪೇಡೆಯ ತಟ್ಟೆಗೆ ಹೋಯಿತು. ಮಾಸ್ತರರು ಮಾತ್ರ ಮಗಳನ್ನು ಒಳಗೆ ಕರೆದೊಯ್ದರು. ಹೊರಬಂದವರು ಸಭಾಪತಿಯ ಗಾಂಭೀರ್ಯದಿಂದ, "ಒಳಗ ಬ್ಯಾಡ ಅಂದಾಳ್ರಿ. ಮಸೂದೆ ಅಲ್ಲೇ ನಿಂತತಿ. ನೀವು ಪೇಡೆ ತಗೋರಿ" ಎಂದರು.

ಸೋದರಮಾವ ಕೆರಳಿದರು. "ಏನ್ರೀ ಮಾಸ್ತರ, ಈಗಷ್ಟೇ ಹೂಂ ಅಂದಳಲ್ಲಾ! ಇಲ್ಲೇ ಕರೀರಿ. ಎಲ್ಲಾರೂ ಕೂಡಿ ಮತ್ತೊಮ್ಮೆ ಕೇಳೂಣು."

ಮಾಸ್ತರರು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ಜಂಟಿ ಅಧಿವೇಶನ ಕರಿಯಂಗಿಲ್ರಿ. ಅಲ್ಲಿ ಮಂದಿ ಹೆಚ್ಚಿದ್ದವರು ಗೆಲ್ಲತಾರ. ನೀವು ಇಷ್ಟು ಮಂದಿ, ಅಕಿ ಒಬ್ಬಾಕಿ."