ಒಂದೇ ವಾರ್ಡಿನ ಎರಡು ಓಣಿ

ರಾಯಚೂರಿನ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ನನ್ನ ಊರು ಮಾನ್ವಿ. ಅಪ್ಪ ಅಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದರು. ಮಿಲ್ಲಿಗೆ ಹೊಂದಿಕೊಂಡೇ ನಮ್ಮ ಮನೆ.

ಒಂದು ವರ್ಷ ಪದವಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚಿದೆ. ಕಳೆದ ಜನಗಣತಿಯಲ್ಲಿ ಮನೆಗಳ ಬಗ್ಗೆ ಕಲೆಹಾಕಿದ ಅಂಕಿಗಳನ್ನು ತೆಗೆದುಕೊಂಡು, ಜಿಲ್ಲೆಯಲ್ಲಿ ಉಳ್ಳವರು ಎಲ್ಲಿದ್ದಾರೆ, ಇಲ್ಲದವರು ಎಲ್ಲಿದ್ದಾರೆ ಎಂದು ನಕ್ಷೆಗೆ ಬಣ್ಣ ತುಂಬಬೇಕು. ಮನೆಯ ಚಾವಣಿ ಎಂಥದು, ನೀರು ಅಂಗಳದಲ್ಲೇ ಬರುತ್ತದೋ ದೂರದಿಂದ ತರಬೇಕೋ, ಕೋಣೆಗಳೆಷ್ಟು, ಮೋಟರ್ ಸೈಕಲ್ ಇದೆಯೋ, ಇವೇ ಆಧಾರ. ಉಳ್ಳವರಿಗೆ ಕಡು ಬಣ್ಣ, ಇಲ್ಲದವರಿಗೆ ತಿಳಿ ಬಣ್ಣ.

ದೇವದುರ್ಗದ ಹಳ್ಳಿಗಳು ಬಹುತೇಕ ತಿಳಿ ಬಣ್ಣಕ್ಕೆ ಬಂದವು. ಮಾನ್ವಿ ಪಟ್ಟಣದಲ್ಲಿ ನಮ್ಮ ವಾರ್ಡು ನಡುವಿನ ಬಣ್ಣಕ್ಕೆ ಬಂದಿತ್ತು. ನಾನು ಅದನ್ನೇ ತೋರಿಸಿ, ಇಲ್ಲಿ ಬಡವರೂ ಶ್ರೀಮಂತರೂ ಕೂಡಿ ಬದುಕುತ್ತಿದ್ದಾರೆ, ಪ್ರತ್ಯೇಕತೆ ಕಡಿಮೆ ಎಂದು ವಿವರಿಸಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮಾತು ಕಡಿಮೆಯವಳು.

"ಸರ್, ಆ ವಾರ್ಡಿನ್ಯಾಗ ನಾವೂ ಅದೀವ್ರಿ. ನಿಮ್ಮ ಮಿಲ್ಲಿನ ಹಿಂದಿನ ಓಣಿ. ಕೂಡಿ ಏನಿಲ್ರಿ. ನಡುವ ಗ್ವಾಡಿ ಅದ."

ಆ ಗೋಡೆ ನನಗೆ ಗೊತ್ತಿದ್ದದ್ದೇ. ಆ ಓಣಿಯೊಳಗೆ ನಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಮರುದಿನ ಅವಳನ್ನು ಕರೆದು, "ಇಡೀ ವಾರ್ಡು ಬ್ಯಾಡ. ಎರಡ ಓಣಿ ನಾವೇ ಮನಿಮನಿಗೆ ಹೋಗಿ ಬರಕೊಳ್ಳೋಣೇನು?" ಎಂದೆ. ಒಪ್ಪಿದಳು. ಭಾನುವಾರ ಮುಂಜಾನೆ ಅವಳ ಓಣಿಯಿಂದ ಶುರುಮಾಡಿದೆವು. ತಗಡಿನ ಮನೆಗಳು, ಓಣಿಯ ಬಾಯಲ್ಲಿ ಎಲ್ಲರಿಗೂ ಒಂದೇ ನಲ್ಲಿ.

ಅವಳ ಮನೆಯಲ್ಲಿ ಇದ್ದ ಒಂದೇ ಕುರ್ಚಿಯನ್ನು ಅವಳ ತಾಯಿ ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟಳು. ಗೋಡೆಯ ಮೇಲೆ ಬುದ್ಧನ ಪಟ. "ಬರ್ರಿ ಧಣಿ, ಕುಂದರ್ರಿ" ಎಂದು ತಾನು ನೆಲಕ್ಕೆ ಕೂತಳು. ಹನ್ನೆರಡು ವರ್ಷ ನಮ್ಮ ಮಿಲ್ಲಿನಲ್ಲಿ ಅಕ್ಕಿ ಕೇರಿದವಳು. ನನಗೆ ಮುಖದ ಗುರುತೂ ಇರಲಿಲ್ಲ. ಪಟ್ಟಿಯಲ್ಲಿದ್ದಂತೆ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ.

"ಈಗ ನಳ ಬರತದ್ರಿ. ಮೊದಲ ನಿಮ್ಮ ಹಿತ್ತಲ ಬಾಗಲಿಗೆ ಬರತಿದ್ವಿ, ಬೋರಿನ ನೀರಿಗೆ. ಆಮ್ಯಾಗ ಆ ಬಾಗಲಾ ಹಾಕಿಬಿಟ್ರಿ."

ದೂರಿನ ದನಿಯಲ್ಲಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಪಟ್ಟಿಯಲ್ಲಿ ನಾನು ಓಣಿಯ ನಲ್ಲಿ ಎಂದಷ್ಟೇ ಬರೆದುಕೊಂಡೆ.

ಮಧ್ಯಾಹ್ನ ನಮ್ಮ ಓಣಿ. ನಮ್ಮ ಮನೆಯಲ್ಲಿ ಪ್ರಶ್ನೆ ಕೇಳುವುದನ್ನು ಅವಳಿಗೇ ಬಿಟ್ಟೆ. ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದ ಅವ್ವನನ್ನು ಅವಳು ಕೇಳಿದಳು: "ಎಷ್ಟು ಕೋಣಿ ಅದಾವ್ರಿ ಅಮ್ಮಾರ?"

ಅವ್ವ ಬೆರಳು ಮಡಿಚುತ್ತ ಎಣಿಸತೊಡಗಿ ನಡುವೆ ತಪ್ಪಿದಳು. ಮೇಲಿನವು ಸೇರಿಸಬೇಕೋ ಬೇಡವೋ ಎಂದಳು. ಆಮೇಲೆ ತಲೆಯೆತ್ತಿ ನೋಡಿ, "ಯಾರ ಮಗಳವ್ವಾ ನೀ?" ಎಂದು ಕೇಳಿದಳು.

ಹುಡುಗಿ ತಾಯಿಯ ಹೆಸರು ಹೇಳಿದಳು. ಅವ್ವನಿಗೆ ತಟ್ಟನೆ ನೆನಪಾಯಿತು.

"ಆಕಿ ಈಗ ಎಲ್ಲಿ ಅದಾಳ?"

"ಅಲ್ಲೇ ಅದಾಳ್ರಿ, ಹಿಂದಿನ ಓಣ್ಯಾಗ."

ಆಕೆ ಬೇರೆ ಊರಿಗೆ ಹೋಗಿರಬೇಕು ಎಂದೇ ಅವ್ವ ಅಂದುಕೊಂಡಿದ್ದಳಂತೆ. ಹಿತ್ತಲ ಕಡೆ ನೋಡಿ, "ಬಾಗಲಾ ಹಾಕಿಸಿದಾಕಿ ನಾನೇ" ಎಂದಳು. "ಅಂಗಳ ರಾಡಿ ಆಗತದಂತ." ಹುಡುಗಿ ಅದನ್ನು ಬರೆದುಕೊಳ್ಳಲಿಲ್ಲ. ಮುಂದಿನ ಪ್ರಶ್ನೆ ಕೇಳಿದಳು.

ಎರಡೂ ಓಣಿಗಳಿಗೆ ಬೇರೆ ಬೇರೆಯಾಗಿ ಬಣ್ಣ ತುಂಬಿದಾಗ ನಮ್ಮದು ಕಡುಗಪ್ಪಾಯಿತು, ಅವಳದು ಬಿಳಿಯ ಹತ್ತಿರ ಬಂತು. ಸರಾಸರಿ ತೆಗೆದರೆ ಮತ್ತೆ ಅದೇ ನಡುವಿನ ಬಣ್ಣ. ಜನಗಣತಿಯ ಅಂಕಿ ಸುಳ್ಳಾಗಿರಲಿಲ್ಲ. ಅದು ವಾರ್ಡಿನ ಲೆಕ್ಕ ಹೇಳಿತ್ತು. ಅದನ್ನು ಕೂಡಿಬಾಳುವಿಕೆ ಎಂದು ಓದಿದವನು ನಾನು. ತರಗತಿಯಲ್ಲಿ ಹಾಗೆಂದು ಒಪ್ಪಿಕೊಂಡೆ.

ಅವ್ವ ಒಂದು ದಿನ ತಾನಾಗಿಯೇ ಆ ಓಣಿಗೆ ಹೊರಟಳು. ಮುಖ್ಯರಸ್ತೆ ಸುತ್ತಿ ನಾನೇ ಕರೆದುಕೊಂಡು ಹೋದೆ. ಅವ್ವ, ಹುಡುಗಿಯ ತಾಯಿ ಇಬ್ಬರೂ ಮೊಣಕಾಲು ನೋವಿನ ಬಗ್ಗೆ, ಮಿಲ್ಲಿನಲ್ಲಿ ಇದ್ದವರಲ್ಲಿ ಯಾರು ಉಳಿದಿದ್ದಾರೆ ಎಂಬುದರ ಬಗ್ಗೆ ಮಾತಾಡಿದರು. ಬಾಗಿಲಿನ ಮಾತು ಬರಲಿಲ್ಲ. ಚಹಾ ಕುಡಿಯುವಾಗ ಅವ್ವ ಒಂದು ಕ್ಷಣ ತಡೆದಳು, ಆಮೇಲೆ ಕುಡಿದಳು. ಮತ್ತೆ ಹೋಗಲಿಲ್ಲ.

ಹುಡುಗಿ ಈಗ ಗಬ್ಬೂರಿನಲ್ಲಿ ಶಾಲಾ ಶಿಕ್ಷಕಿ. ಮೊನ್ನೆ ಫೋನು ಮಾಡಿ, ಮುಂದಿನ ಗಣತಿಗೆ ತನ್ನನ್ನೂ ಹಾಕಬಹುದು ಎಂದಳು. ಯಾವ ಓಣಿ ಸಿಕ್ಕರೂ ಪ್ರತಿ ಮನೆಯ ಒಳಗೆ ಹೋಗಿ ಕೂತೇ ಬರೆಯುತ್ತಾಳಂತೆ.